ಶಾಲೆಯ ಗಂಟೆ ಮತ್ತು ಬಸ್ಸಿನ ವೇಳೆ: ಮೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ ಸವಿನಯ ವಂದನೆಗಳು.

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು. ಕೊನೆಯ ಎಂಟು ವರ್ಷ ಮುಖ್ಯೋಪಾಧ್ಯಾಯನಾಗಿದ್ದೆ. ಆ ಎಂಟು ವರ್ಷಗಳಲ್ಲಿ ನನ್ನ ಕಚೇರಿಯಿಂದ ಹೊರಟ ಪತ್ರಗಳಲ್ಲಿ ಹೆಚ್ಚಿನವು ಬಸ್ಸಿಗೆ ಸಂಬಂಧಿಸಿದವು. ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯಲು ಇನ್ನು ಕೆಲವೇ ವಾರಗಳಿವೆ. ಜೂನ್ ತಿಂಗಳಲ್ಲಿ ಅವೇ ಮನವಿಗಳು ಅವೇ ಮೇಜುಗಳ ಮೇಲೆ ಮತ್ತೆ ಬಂದು ಕೂರುವ ಮೊದಲು ಒಂದು ಮಾತನ್ನು ತಮ್ಮ ಮುಂದೆ ಮತ್ತು ಈ ಭಾಗದ ಪಾಲಕರೆಲ್ಲರ ಮುಂದೆ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಹಳ್ಳಿಗಳಿಗೆ ಬಸ್ಸು ಬರುತ್ತದೆ, ಶಾಲೆಯೂ ನಡೆಯುತ್ತದೆ. ಆದರೆ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೂ ಬಸ್ಸು ಬರುವ ಹೊತ್ತಿಗೂ ಹೊಂದಿಕೆ ಮಾಡಿಸುವ ಹೊಣೆ ಯಾವ ಅಧಿಕಾರಿಯ ಕೆಲಸದ ಪಟ್ಟಿಯಲ್ಲೂ ಇಲ್ಲ. ಆ ಹೊಣೆಯನ್ನು ಜಿಲ್ಲಾಡಳಿತ ತೆಗೆದುಕೊಳ್ಳಬೇಕು ಎಂಬುದೇ ನನ್ನ ಬೇಡಿಕೆ.

ತೊಡಕು ಶುರುವಾಗುವುದು ಎಂಟನೆಯ ತರಗತಿಯಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಡಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ನಿಯಮಗಳು ಐದನೆಯ ತರಗತಿಯವರೆಗಿನ ಮಕ್ಕಳಿಗೆ 1 ಕಿಲೋಮೀಟರ್ ಒಳಗೆ, ಆರರಿಂದ ಎಂಟರವರೆಗಿನವರಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂದೂ, ಅಷ್ಟು ಹತ್ತಿರ ಶಾಲೆ ಇಲ್ಲದ ಸಣ್ಣ ಜನವಸತಿಗಳ ಮಕ್ಕಳಿಗೆ ಉಚಿತ ಸಾರಿಗೆಯಂತಹ ವ್ಯವಸ್ಥೆ ಆಗಬೇಕೆಂದೂ ಹೇಳುತ್ತವೆ. ಆದರೆ ಆ ಕಾಯ್ದೆಯ ಆಸರೆ 14 ವರ್ಷದವರೆಗೆ, ಎಂಟನೆಯ ತರಗತಿಯವರೆಗೆ ಮಾತ್ರ. ನಮ್ಮ ರಾಜ್ಯದಲ್ಲಿ ಪ್ರೌಢಶಾಲೆ ಆರಂಭವಾಗುವುದೇ ಎಂಟರಿಂದ. ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ ಮಗು ಪಕ್ಕದ ಊರಿಗೋ ಹೋಬಳಿ ಕೇಂದ್ರಕ್ಕೋ ಹೋಗಬೇಕಾಗುತ್ತದೆ. ಶಾಲೆಯ ದಾರಿ ಉದ್ದವಾಗಿ ಒಂದು ವರ್ಷ ಕಳೆಯುವಷ್ಟರಲ್ಲಿ ಕಾನೂನಿನ ಆಸರೆ ತಪ್ಪಿಹೋಗುತ್ತದೆ.

ಪ್ರೌಢಶಾಲೆ 5 ಕಿಲೋಮೀಟರ್ ಒಳಗಿರಬೇಕೆಂಬುದು ಹಿಂದಿನ ಮಾಧ್ಯಮಿಕ ಶಿಕ್ಷಣ ಅಭಿಯಾನದ ಗುರಿಯಾಗಿತ್ತು. ನಕ್ಷೆಯಲ್ಲಿ ನೋಡಿದರೆ ಅದು ಹತ್ತಿರವೇ. ಆದರೆ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ಆಸುಪಾಸಿನ ಎರೆ ಭೂಮಿಯಲ್ಲಿ, ಒಂದು ಮಳೆ ಬಿದ್ದರೆ ಚಪ್ಪಲಿ ಕಾಲಿನಲ್ಲಿ ನಿಲ್ಲದ ದಾರಿಯಲ್ಲಿ, ಹದಿಮೂರು ವರ್ಷದ ಹುಡುಗಿ ಪಾಟೀಚೀಲ ಹೊತ್ತು ನಡೆಯುವಾಗ ಆ 5 ಕಿಲೋಮೀಟರ್ ಒಂದೂವರೆ ಗಂಟೆಯಾಗುತ್ತದೆ. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಈ ದೂರಕ್ಕೆ ಒಂದು ಉಪಾಯ ಸಿಕ್ಕಿತ್ತು. ಹುಡುಗಿಯರು ಗುಂಪಾಗಿ ಸೈಕಲ್ ತುಳಿದುಕೊಂಡು ಬರುವುದನ್ನು ನೋಡುವುದೇ ಒಂದು ಸಮಾಧಾನವಾಗಿತ್ತು. ಕೊರೊನಾ ಕಾಲದಲ್ಲಿ ಆ ವಿತರಣೆ ನಿಂತುಹೋಯಿತು. ಅಲ್ಲಿಂದ ಬಸ್ಸಿನ ಮೇಲಿನ ಭಾರ ಇನ್ನಷ್ಟು ಹೆಚ್ಚಿತು.

ಬಸ್ಸಿನ ವಿಷಯದಲ್ಲಿ ಸರ್ಕಾರ ಕೊಟ್ಟಿರುವುದು ಕಡಿಮೆ ಎಂದು ನಾನು ಹೇಳಲಾರೆ. ರಿಯಾಯಿತಿಯ ವಿದ್ಯಾರ್ಥಿ ಪಾಸ್ ಬಹಳ ಕಾಲದಿಂದ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಆ ಪಾಸಿನ ಖರ್ಚೂ ಉಳಿದಿದೆ. ಏಳನೆಯದಕ್ಕೇ ಮಗಳ ಓದು ಸಾಕು ಎನ್ನುತ್ತಿದ್ದ ತಂದೆ, ಬಸ್ಸಿಗೆ ದುಡ್ಡು ಬೇಡವೆಂದ ಮೇಲೆ ಅವಳನ್ನು ಎಂಟನೆಯ ತರಗತಿಗೆ ಸೇರಿಸಲು ನನ್ನ ಕಚೇರಿಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದುಡ್ಡಿನ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಿದೆ. ಹೊತ್ತಿನ ಪ್ರಶ್ನೆಯನ್ನು ಯಾರೂ ಕೈಗೆತ್ತಿಕೊಂಡಿಲ್ಲ.

ನಮ್ಮ ಕಡೆಯ ಬಹಳಷ್ಟು ಹಳ್ಳಿಗಳಿಗೆ ಮುಖ್ಯ ಆಸರೆ ವಸ್ತಿ ಬಸ್ಸು. ರಾತ್ರಿ ಊರಿಗೆ ಬಂದು ತಂಗುವ ಈ ಬಸ್ಸು ಬೆಳಿಗ್ಗೆ ಆರು, ಆರೂವರೆಗೆ ಪೇಟೆಗೆ ಹೊರಡುತ್ತದೆ. ಅದರ ವೇಳೆ ಗೊತ್ತಾದದ್ದು ಹಾಲು, ಕಾಯಿಪಲ್ಲೆ ಮಾರುವವರಿಗಾಗಿ, ಹುಬ್ಬಳ್ಳಿಗೆ ಕೂಲಿಗೆ, ಅಂಗಡಿ ಕೆಲಸಕ್ಕೆ ಹೋಗುವವರಿಗಾಗಿ, ತಾಲೂಕು ಕಚೇರಿಯಲ್ಲಿ ಕೆಲಸವಿದ್ದವರಿಗಾಗಿ. ಅವರಿಗೆ ಅದು ಬೇಕು, ಅದನ್ನು ತೆಗೆಯಿರೆಂದು ನಾನು ಕೇಳುವುದಿಲ್ಲ. ಆದರೆ ಶಾಲೆ ಶುರುವಾಗುವುದು ಒಂಬತ್ತೂವರೆ, ಹತ್ತಕ್ಕೆ. ಮುಂದಿನ ಬಸ್ಸು ಹತ್ತೂವರೆಗೆ ಇದ್ದರೆ ಮಗು ಆರೂವರೆಯ ಬಸ್ಸನ್ನೇ ಹಿಡಿಯಬೇಕು. ಏಳು ಗಂಟೆಗೆ ಶಾಲೆ ಮುಟ್ಟಿ, ಬೀಗ ಹಾಕಿದ ಗೇಟಿನ ಮುಂದೆ ಅಥವಾ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಎರಡೂವರೆ ಗಂಟೆ ಕೂರಬೇಕು. ಮನೆಯಲ್ಲಿ ರೊಟ್ಟಿ ಬಡಿಯುವ ಮೊದಲೇ ಹೊರಟ ಮಗು ಅದು. ಅದರ ಹೊಟ್ಟೆಗೆ ಮೊದಲು ಬೀಳುವುದು ಶಾಲೆಯಲ್ಲಿ ಕೊಡುವ ಹಾಲು. ಮಧ್ಯಾಹ್ನದ ಬಿಸಿಯೂಟದವರೆಗೆ ಬೇರೇನೂ ಇಲ್ಲ. ಮೊದಲ ಅವಧಿಯಲ್ಲಿ ತೂಕಡಿಸಿದರೆ ಆ ಮಗುವನ್ನು ಬೈಯಲು ನನಗೆ ಎಂದೂ ಬಾಯಿ ಬರಲಿಲ್ಲ.

ಶನಿವಾರದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದನ್ನು ನಗರದಲ್ಲಿರುವ ಅಧಿಕಾರಿಗಳು ಗಮನಿಸಿರುವುದು ಕಡಿಮೆ. ಶನಿವಾರ ನಮ್ಮ ಸರ್ಕಾರಿ ಶಾಲೆಗಳು ಬೆಳಗಿನ ಶಾಲೆಗಳು: ಎಂಟರ ಸುಮಾರಿಗೆ ಆರಂಭವಾಗಿ ಹನ್ನೊಂದೂವರೆ, ಹನ್ನೆರಡರೊಳಗೆ ಬಿಡುತ್ತವೆ. ಬಸ್ಸಿನ ವೇಳಾಪಟ್ಟಿಗೆ ಮಾತ್ರ ಸೋಮವಾರವೂ ಒಂದೇ, ಶನಿವಾರವೂ ಒಂದೇ. ವಾರದ ಐದು ದಿನ ಒಂಬತ್ತು ಗಂಟೆಯ ಬಸ್ಸು ಅನುಕೂಲವಾಗಿರುವ ಊರಿನ ಮಕ್ಕಳಿಗೂ ಆ ದಿನ ಅದು ಉಪಯೋಗಕ್ಕೆ ಬರುವುದಿಲ್ಲ. ಶಾಲೆ ಬಿಟ್ಟ ಮೇಲೆ ಊರಿಗೆ ಬಸ್ಸು ಸಂಜೆ ಐದಕ್ಕೆ. ಬಿಸಿಲಲ್ಲಿ ನಡೆದು ಹೋಗುವುದು ಇಲ್ಲವೆ ನಿಲ್ದಾಣದಲ್ಲಿ ಐದು ತಾಸು ಕಾಯುವುದು, ಎರಡರಲ್ಲಿ ಒಂದನ್ನು ಮಗು ಆರಿಸಿಕೊಳ್ಳಬೇಕು. ಬಹಳ ಮಕ್ಕಳು ಮೂರನೆಯದನ್ನು ಆರಿಸಿಕೊಳ್ಳುತ್ತಾರೆ, ಶನಿವಾರ ಶಾಲೆಗೇ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಶನಿವಾರದ ಕಂಬಸಾಲನ್ನು ಮಾತ್ರ ಬೇರೆಯಾಗಿ ಕೂಡಿ ನೋಡಿದರೆ, ಯಾವ ಊರಿನ ಬಸ್ಸು ಹೊಂದುವುದಿಲ್ಲ ಎಂಬುದನ್ನು ಶಾಲೆಗೆ ಕಾಲಿಡದೆಯೇ ಹೇಳಿಬಿಡಬಹುದು. ಈ ಲೆಕ್ಕವನ್ನು ನಾನು ನಾಲ್ಕು ವರ್ಷ ಮಾಡಿದ್ದೇನೆ. ಪ್ರತಿ ವರ್ಷವೂ ಅವೇ ಮೂರು ಊರುಗಳು ಕೆಳಗಿರುತ್ತಿದ್ದವು.

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ವಿಶೇಷ ತರಗತಿ ನಡೆಸಿರೆಂದು ಇಲಾಖೆಯ ಸೂಚನೆ ಬರುತ್ತದೆ. ಡಿಸೆಂಬರ್‌ನಲ್ಲಿ ಆರೂವರೆಗೆ ಕತ್ತಲಾಗುತ್ತದೆ. ಐದರ ಬಸ್ಸು ಹೋದ ಮೇಲೆ ಮುಂದಿನದು ಎಂಟರ ವಸ್ತಿ ಬಸ್ಸೇ ಆಗಿದ್ದರೆ, ವಿಶೇಷ ತರಗತಿ ಯಾರಿಗೆ ಬೇಕೋ ಆ ಮಕ್ಕಳೇ ಮೊದಲು ಎದ್ದು ಹೋಗುತ್ತಾರೆ. ಶಾಲೆ ಇರುವ ಊರಿನ ಮಕ್ಕಳು ಮಾತ್ರ ಉಳಿಯುತ್ತಾರೆ.

ನನ್ನ ಸೇವೆಯ ಒಂದು ಸಂಗತಿಯನ್ನು ಊರು, ಶಾಲೆಗಳ ಹೆಸರಿಲ್ಲದೆ ಹೇಳುತ್ತೇನೆ. ಒಂದು ಆಗಸ್ಟ್‌ನಲ್ಲಿ ಹಳ್ಳ ತುಂಬಿ ಬಂದು ಸೇತುವೆಯ ಬದಿಯ ರಸ್ತೆ ಕೊಚ್ಚಿಹೋಯಿತು. ಸಂಜೆಯ ಬಸ್ಸನ್ನು ಬೇರೆ ದಾರಿಯಲ್ಲಿ ಓಡಿಸಿದರು, ಅದು ಸರಿಯಾದ ಕ್ರಮವೇ ಆಗಿತ್ತು. ತಿಂಗಳೊಪ್ಪತ್ತಿನಲ್ಲಿ ರಸ್ತೆ ದುರಸ್ತಿಯಾಯಿತು, ಬಸ್ಸು ಮಾತ್ರ ಹಳೆಯ ದಾರಿಗೆ ಮರಳಲಿಲ್ಲ. ರಸ್ತೆ ಮಾಡಿದವರು ಬಸ್ಸಿನವರಿಗೆ ತಿಳಿಸಬೇಕೆಂಬ ನಿಯಮವಿರಲಿಲ್ಲ. ಬಸ್ಸಿನವರು ಶಾಲೆಯನ್ನು ಕೇಳಬೇಕೆಂಬ ನಿಯಮವೂ ಇರಲಿಲ್ಲ. ತಾನಾಗಿಯೇ ಸರಿಹೋಗುತ್ತದೆ ಎಂದು ನಾನು ಕಾದೆ, ದಸರೆ ರಜೆ ಮುಗಿದ ಮೇಲೆ ಪತ್ರ ಬರೆದೆ. ಬಸ್ಸು ಬಂತು. ಅಷ್ಟರಲ್ಲಿ ಆ ಊರಿನ ಏಳು ಹುಡುಗಿಯರಲ್ಲಿ ಮೂವರು ಹತ್ತಿ ಬಿಡಿಸಲು ಹೋಗತೊಡಗಿದ್ದರು. ಮನೆಗೆ ಹೋಗಿ ಕರೆದಾಗ ಒಬ್ಬಳು ತಿರುಗಿ ಬಂದಳು. ಇನ್ನೊಬ್ಬಳ ತಾಯಿ, "ಬಸ್ ಇಲ್ಲಂತ ಬಿಡಿಸಿದ್ವಿರಿ ಸರ, ಈಗ ಆಕಿಗೇ ಸಾಲಿ ಒಲ್ಲೆ ಅನಿಸೇತಿ" ಎಂದರು. ರಸ್ತೆ ದುರಸ್ತಿಯಾದ ದಿನವೇ ನಾನು ಆ ಪತ್ರ ಬರೆಯಬೇಕಿತ್ತು. ಹಾಗೆ ಬರೆಯದೇ ಹೋದದ್ದು ನನ್ನನ್ನು ಇವತ್ತಿಗೂ ಬಾಧಿಸುತ್ತದೆ. ಆದರೆ ಒಬ್ಬ ಮುಖ್ಯೋಪಾಧ್ಯಾಯನಿಗೆ ಹೊಳೆಯಿತೋ ಇಲ್ಲವೋ ಎಂಬುದರ ಮೇಲೆ ಏಳು ಮಕ್ಕಳ ಓದು ನಿಂತಿರಬಾರದು.

ಕಂಡಕ್ಟರ್, ಡ್ರೈವರ್‌ಗಳನ್ನು ದೂರುವುದು ಸುಲಭ, ನಾನು ಹಾಗೆ ಮಾಡಲಾರೆ. ಐವತ್ತು ಸೀಟಿನ ಬಸ್ಸಿಗೆ ಮೊದಲ ಎರಡು ಊರುಗಳಲ್ಲೇ ತೊಂಬತ್ತು ಜನ ಹತ್ತಿದರೆ, ಮೂರನೆಯ ಊರಿನಲ್ಲಿ ಮಕ್ಕಳ ಗುಂಪು ಕಂಡು ಡ್ರೈವರ್ ನಿಲ್ಲಿಸದೆ ಹೋಗುವುದು ಅವನ ಕ್ರೌರ್ಯವಲ್ಲ. ಬಾಗಿಲಿನಲ್ಲಿ ಜೋತುಬಿದ್ದ ಮಗು ಜಾರಿದರೆ ಹೊಣೆ ಅವನ ಮೇಲೆಯೇ ಬರುತ್ತದೆ. ಇತ್ತ ಬಸ್ಸಿನ ಯೋಗ್ಯತೆಯನ್ನು ಕಿಲೋಮೀಟರಿಗೆ ಎಷ್ಟು ಗಳಿಕೆ ಎಂಬುದರಿಂದ ಅಳೆಯುವ ಪದ್ಧತಿ ಇದೆ. ಪಾಸಿನ ಮಕ್ಕಳು ತುಂಬಿದ ಟ್ರಿಪ್ಪಿನಲ್ಲಿ ಕೈಗೆ ಬರುವ ನಗದು ಕಡಿಮೆ. ಹೀಗಿರುವಾಗ ಬಸ್ಸು ಕೆಟ್ಟಾಗ, ಚಾಲಕರು ಸಾಲದಾದಾಗ ಯಾವ ಟ್ರಿಪ್ ಮೊದಲು ರದ್ದಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಸಂತೆಯ ದಿನ, ಜಾತ್ರೆಯ ದಿನ, ಮದುವೆಯ ಹಂಗಾಮಿನಲ್ಲಿ ಬಸ್ಸು ಬೇರೆ ಕಡೆ ಹೋದಾಗಲೂ ಹೀಗೆಯೇ. ರದ್ದಾದ ಸುದ್ದಿ ಶಾಲೆಗೆ ತಲುಪುವುದಿಲ್ಲ. ಕತ್ತಲಾದ ಮೇಲೂ ಮಗು ಬಾರದಿದ್ದಾಗ ಊರಿಗೆ ತಿಳಿಯುತ್ತದೆ.

ಬಸ್ಸು ತಪ್ಪಿದ ಮಕ್ಕಳು ಟಂಟಂ ಎಂಬ ಮೂರು ಗಾಲಿಯ ಬಾಡಿಗೆ ವಾಹನ ಹತ್ತುತ್ತಾರೆ. ಎಷ್ಟು ಜನ ಕೂರಬೇಕೋ ಅದರ ಮೂರು ಪಟ್ಟು ಜನ ಅದರಲ್ಲಿರುತ್ತಾರೆ, ಹಿಂದಿನ ಕಂಬಿಗೆ ಹುಡುಗರು ಜೋತುಬಿದ್ದಿರುತ್ತಾರೆ. ಖಾಸಗಿ ಶಾಲೆಗಳ ಹಳದಿ ವಾಹನಗಳಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಅಗ್ನಿಶಾಮಕ ಸಾಧನ, ಸಹಾಯಕರು ಇದ್ದಾರೆಯೇ ಎಂದು ಪರಿಶೀಲಿಸುವ ನಾವು, ಅದೇ ರಸ್ತೆಯಲ್ಲಿ ಸರ್ಕಾರಿ ಶಾಲೆಯ ಮಗು ಹೀಗೆ ಹೋಗುವುದನ್ನು ಕಂಡೂ ಕಾಣದವರಂತೆ ಇದ್ದೇವೆ.

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳ ಆಡಳಿತ ಜಿಲ್ಲೆಗಳೇ ಹಳದಿ ಬಸ್ಸುಗಳ ವ್ಯವಸ್ಥೆಯನ್ನು ನೋಡಿಕೊಳ್ಳುತ್ತವೆ. ಶಾಲೆ ಮತ್ತು ಬಸ್ಸು ಒಂದೇ ಆಡಳಿತದ ಕೈಯಲ್ಲಿರುವುದರಿಂದ ಅವರಿಗೆ ಒಂದು ಅನುಕೂಲವಿದೆ: ಶಾಲೆಗಳ ಆರಂಭದ ವೇಳೆಯನ್ನು ಹಿಂದೆ ಮುಂದೆ ಮಾಡಿ, ಒಂದೇ ಬಸ್ಸು ಮೊದಲು ಒಂದು ಶಾಲೆಯ ಮಕ್ಕಳನ್ನು, ಆಮೇಲೆ ಇನ್ನೊಂದು ಶಾಲೆಯ ಮಕ್ಕಳನ್ನು ಕರೆತರುವಂತೆ ಹೊಂದಿಸುತ್ತಾರೆ. 2017ರಲ್ಲಿ ಬಾಸ್ಟನ್ ನಗರದ ಶಾಲಾಡಳಿತ ನೆರೆಯ ಎಂಐಟಿ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರ ಲೆಕ್ಕಾಚಾರದಿಂದ ಬಸ್ ಮಾರ್ಗಗಳನ್ನು ಮರುಜೋಡಿಸಿ ಸುಮಾರು 50 ಬಸ್ಸುಗಳನ್ನು ಉಳಿಸಿತು. ಅದೇ ವರ್ಷ ಶಾಲೆಗಳ ವೇಳೆಯನ್ನೂ ಬದಲಿಸಹೊರಟಾಗ ಪಾಲಕರು ಪ್ರತಿಭಟಿಸಿದರು, ಆ ಯೋಜನೆಯನ್ನು ಕೈಬಿಡಬೇಕಾಯಿತು. ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ 2023ರ ಆಗಸ್ಟ್ 9ರಂದು ಇನ್ನೂ ಕೆಟ್ಟದ್ದಾಯಿತು. ಚಾಲಕರ ಕೊರತೆ ನೀಗಿಸಲೆಂದು ಕಂಪ್ಯೂಟರ್ ಸಹಾಯದಿಂದ ರೂಪಿಸಿದ ಹೊಸ ಮಾರ್ಗಗಳು ಜಾರಿಗೆ ಬಂದ ಮೊದಲ ದಿನವೇ ಕೊನೆಯ ಮಕ್ಕಳು ಮನೆ ಸೇರಿದಾಗ ರಾತ್ರಿ ಹತ್ತಾಗುತ್ತಿತ್ತು. ಆಮೇಲೆ ಒಂದು ವಾರಕ್ಕೂ ಹೆಚ್ಚು ಕಾಲ ಶಾಲೆಗಳನ್ನು ಮುಚ್ಚಬೇಕಾಯಿತು. ಲೆಕ್ಕ ಹಾಕುವುದು ಅಗತ್ಯ. ಆದರೆ ಆ ಲೆಕ್ಕವನ್ನು ದಾರಿಯಲ್ಲಿ ಓಡಿಸಿ ನೋಡಿದ ಡ್ರೈವರನ ಮಾತು ಮತ್ತು ಮನೆಯಲ್ಲಿ ಮಗುವನ್ನು ಕಾಯುವ ತಾಯಿಯ ಮಾತು ಅದರೊಳಗೆ ಸೇರಬೇಕು.

ನಮ್ಮಲ್ಲಿ ಲೆಕ್ಕಕ್ಕೆ ಬೇಕಾದ ಮಾಹಿತಿಯ ಬಹುಭಾಗ ಈಗಾಗಲೇ ಇದೆ. ರಾಜ್ಯ ಸರ್ಕಾರದ ಆನ್‌ಲೈನ್ ಸೇವಾ ತಾಣವಾದ ಸೇವಾ ಸಿಂಧುವಿನಲ್ಲಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕುವಾಗ ಎಲ್ಲಿಂದ ಎಲ್ಲಿಗೆ, ಯಾವ ಶಾಲೆ ಎಂಬುದನ್ನು ತುಂಬಲೇಬೇಕು. ಪ್ರತಿ ವರ್ಷ ಜೂನ್, ಜುಲೈನಲ್ಲಿ ಅದು ತಾನಾಗಿ ಒಂದು ಸಮೀಕ್ಷೆಯಾಗುತ್ತದೆ. ಆದರೆ ಶಕ್ತಿ ಬಂದ ಮೇಲೆ ಅದರಲ್ಲೊಂದು ಕುರುಡು ಜಾಗ ಉಂಟಾಗಿದೆ, ಅದನ್ನು ತಾವು ವಿಶೇಷವಾಗಿ ಗಮನಿಸಬೇಕು. ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯುವ ವಿದ್ಯಾರ್ಥಿನಿಗೆ ಪಾಸಿನ ಅಗತ್ಯವಿಲ್ಲ. ಆಕೆಯ ಟಿಕೆಟ್ ಯಂತ್ರದಲ್ಲಿ ದಾಖಲಾಗುತ್ತದೆ, ಆದರೆ ಆಕೆ ಶಾಲೆಗೆ ಹೊರಟವಳೋ ಸಂತೆಗೆ ಹೊರಟವಳೋ ಅದರಿಂದ ತಿಳಿಯುವುದಿಲ್ಲ. ಪಾಸಿನ ಪಟ್ಟಿಯನ್ನಷ್ಟೇ ನಂಬಿ ಟ್ರಿಪ್ ನಿಗದಿ ಮಾಡಿದರೆ ಹುಡುಗರ ಸಂಖ್ಯೆ ಮಾತ್ರ ಸಿಗುತ್ತದೆ. ಆದ್ದರಿಂದ ಪ್ರತಿ ಪ್ರೌಢಶಾಲೆಯ ಮುಖ್ಯಸ್ಥರಿಂದ, ಯಾವ ಊರಿನಿಂದ ಎಷ್ಟು ಹುಡುಗರು, ಎಷ್ಟು ಹುಡುಗಿಯರು ಬರುತ್ತಾರೆ, ಸಾಮಾನ್ಯ ದಿನ ಮತ್ತು ಶನಿವಾರ ಶಾಲೆ ಯಾವಾಗ ಬಿಡುತ್ತದೆ ಎಂಬ ಒಂದು ಪುಟದ ಪಟ್ಟಿ ತರಿಸಬೇಕು. ದಾಖಲಾತಿ ಪುಸ್ತಕ ಎದುರಿಗಿಟ್ಟುಕೊಂಡರೆ ಅದು ಅರ್ಧ ದಿನದ ಕೆಲಸ.

ಆ ಪಟ್ಟಿಗಳನ್ನು ಹಿಡಿದು ಪ್ರತಿ ತಾಲೂಕಿನಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ ಮತ್ತು ಡಿಪೊ ವ್ಯವಸ್ಥಾಪಕರು ಶಾಲೆ ತೆರೆಯುವ ಮೊದಲು ಒಂದು ದಿನ ಎದುರುಬದುರು ಕೂರಬೇಕು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಪಾಲಕರೂ ಇರಬೇಕು. ಎಷ್ಟೋ ಕಡೆ ಹೊಸ ಬಸ್ಸು ಬೇಕಾಗುವುದೇ ಇಲ್ಲ. ಹತ್ತೂವರೆಯ ಟ್ರಿಪ್ಪನ್ನು ಒಂಬತ್ತಕ್ಕೆ ತಂದರೆ ಸಾಕು. ಒಂದೇ ಮಾರ್ಗದಲ್ಲಿ ಎರಡು ಪ್ರೌಢಶಾಲೆಗಳಿದ್ದರೆ ಒಂದು ಒಂಬತ್ತೂವರೆಗೆ, ಇನ್ನೊಂದು ಹತ್ತು ಕಾಲಕ್ಕೆ ಆರಂಭವಾಗಲು ಇಲಾಖೆ ಅನುಮತಿ ಕೊಡಬಹುದು. ಶನಿವಾರಕ್ಕೆ ಪ್ರತ್ಯೇಕ ವೇಳೆಯನ್ನು ಬರೆದೇ ಬಿಡಬೇಕು. ಹೀಗೆ ಗೊತ್ತಾದ ಟ್ರಿಪ್ಪುಗಳಿಗೆ ಶಾಲಾ ಟ್ರಿಪ್ ಎಂದು ಗುರುತು ಹಾಕಿ, ಅವನ್ನು ಗಳಿಕೆಯ ಲೆಕ್ಕದಿಂದ ಹೊರಗಿಡಬೇಕು. ಬೇರೆ ಯಾವುದನ್ನು ರದ್ದು ಮಾಡಿದರೂ ಅವನ್ನು ಕೊನೆಗೆ ರದ್ದು ಮಾಡಬೇಕು. ಅನಿವಾರ್ಯವಾದಾಗ ಮಧ್ಯಾಹ್ನ ಮೂರರೊಳಗೆ ಮುಖ್ಯೋಪಾಧ್ಯಾಯರ ಮೊಬೈಲಿಗೆ ಒಂದು ಸಂದೇಶ ಬರಬೇಕು. ಮಳೆಯಿಂದ ಮಾರ್ಗ ಬದಲಾದರೆ, ಹಳೆಯ ಮಾರ್ಗ ಮರಳುವವರೆಗೆ ಆ ಕಡತವನ್ನು ತಹಶೀಲ್ದಾರರು ಮುಚ್ಚಬಾರದು.

ಬಸ್ಸೇ ಹೋಗಲಾರದ ಸಣ್ಣ ಊರುಗಳಿಗೆ ಬೇರೆ ದಾರಿ ಇದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ದೂರದ ಜನವಸತಿಯ ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ ಸಾರಿಗೆ ವೆಚ್ಚ ಕೊಡಲು ಅವಕಾಶವಿದೆ. 2021ರಲ್ಲಿ ಯೋಜನೆಯನ್ನು ಮುಂದುವರಿಸುವಾಗ ಇದನ್ನು ಪ್ರೌಢಶಾಲೆಯ ಮಕ್ಕಳಿಗೂ ವಿಸ್ತರಿಸಲಾಗಿದೆ. ಒಂದು ಊರಿನಿಂದ 20 ಮಕ್ಕಳು ಬರುತ್ತಿದ್ದರೆ ವರ್ಷಕ್ಕೆ 1,20,000, ಅಂದರೆ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 12,000 ರೂಪಾಯಿ. ಪರವಾನಗಿ, ವಿಮೆ ಸರಿಯಿರುವ ಒಂದು ಸಣ್ಣ ವಾಹನವನ್ನು ಬೆಳಿಗ್ಗೆ ಸಂಜೆಗೆ ಗೊತ್ತು ಮಾಡಲು ಮಾತುಕತೆಗೆ ಕೂರಬಹುದಾದ ಮೊತ್ತ ಅದು. ಆದರೆ ಜಿಲ್ಲೆಯ ವಾರ್ಷಿಕ ಯೋಜನೆಯಲ್ಲಿ ಊರು, ಮಕ್ಕಳ ಸಂಖ್ಯೆಗಳನ್ನು ಬರೆದು ಕೇಳದಿದ್ದರೆ ಆ ಹಣ ಬರುವುದಿಲ್ಲ. ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ಸುತ್ತಲಿನ ಹಳ್ಳಿಗಳ ಮಕ್ಕಳನ್ನು ಕರೆತರಬೇಕೆಂಬ ಮಾತು ಬಂದಾಗಲೂ ಇದೇ ಕ್ರಮ ಇರಲಿ. ವಾಹನ ಒಂದು ತಿಂಗಳು ತಪ್ಪದೆ ಓಡಿದ ಮೇಲೆಯೇ ಹಳ್ಳಿಯ ಸಣ್ಣ ಶಾಲೆಯ ಬಗ್ಗೆ ಯಾವ ನಿರ್ಧಾರವಾದರೂ ಆಗಲಿ.

ಇದಕ್ಕೆಲ್ಲ ಬೆಂಗಳೂರಿನ ಕಡೆ ನೋಡಬೇಕಾಗಿಲ್ಲ ಎಂಬುದು ನಮ್ಮ ಭಾಗದ ಭಾಗ್ಯ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ, ಶಾಲಾ ಶಿಕ್ಷಣ ಇಲಾಖೆಯ ಅಪರ ಆಯುಕ್ತರ ಕಚೇರಿ ಧಾರವಾಡದಲ್ಲಿದೆ. ಎರಡರ ನಡುವೆ ಸುಮಾರು 20 ಕಿಲೋಮೀಟರ್ ದೂರ, ಕೆಲವೇ ನಿಮಿಷಗಳಿಗೊಂದು ಚಿಗರಿ ಬಸ್ಸು. ತಾವು ಮೂವರೂ ಸೇರಿ ಈ ಎರಡು ಕಚೇರಿಗಳ ಮುಖ್ಯಸ್ಥರನ್ನು ಮೇ ತಿಂಗಳೊಳಗೆ ಒಂದು ಸಭೆಗೆ ಕರೆಯಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ಕೊನೆಗೆ ಕೆಲಸ ಮಾಡಿದ ಶಾಲೆಗೆ ಮಕ್ಕಳು ಬರುವ ಹನ್ನೊಂದು ಊರುಗಳ ಬಸ್ಸಿನ ವೇಳೆ, ಮಕ್ಕಳ ಸಂಖ್ಯೆ ಮತ್ತು ನಾಲ್ಕು ವರ್ಷಗಳ ಶನಿವಾರದ ಹಾಜರಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಕರೆದ ದಿನ ಅದನ್ನು ತೆಗೆದುಕೊಂಡು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯ,
ಧಾರವಾಡ ಜಿಲ್ಲೆ